ಶಾಲೆಗಳಿಗೆ ಲೌದಾತೊ ಸಿ ಕ್ರಿಯಾ ವೇದಿಕೆ: ಲೆಕ್ಕದ ಪುಸ್ತಕ ತೆರೆಯುವವರಿಗೆ ಉಪಯೋಗ

ಕಥೋಲಿಕ ಶಾಲೆಗಳಲ್ಲಿ ಧ್ಯೇಯವಾಕ್ಯಗಳಿಗೆ ಬರವಿಲ್ಲ. ಮಾನವ ಘನತೆ, ಬಡವರ ಪರ ಒಲವು, ಸೃಷ್ಟಿಯ ಪಾಲನೆ ಎಲ್ಲವೂ ಚೌಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿರುತ್ತವೆ. ಅದೇ ಶಾಲೆಯ ಶೌಚಾಲಯ ತೊಳೆಯುವವರಿಗೆ ಸಂಬಳ ಯಾವ ತಾರೀಖಿಗೆ ಕೈಸೇರುತ್ತದೆ, ಗುತ್ತಿಗೆದಾರ ಅದರಲ್ಲಿ ಎಷ್ಟು ಹಿಡಿಯುತ್ತಾನೆ ಎಂದು ಕೇಳಿದರೆ ಕಚೇರಿಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಶಾಲೆಯ ದಿನಚರಿಗೆ ಇಳಿಸಲು ನೆರವಾಗುತ್ತೇವೆ ಎನ್ನುವ ಯಾವ ಸೇವೆಯನ್ನಾದರೂ ಒರೆಗೆ ಹಚ್ಚಬೇಕಾದದ್ದು ಇಂಥ ಪ್ರಶ್ನೆಗಳಿಂದಲೇ. ವ್ಯಾಟಿಕನ್ ನಡೆಸುವ ಲೌದಾತೊ ಸಿ ಕ್ರಿಯಾ ವೇದಿಕೆ ಈ ಪರೀಕ್ಷೆಯಲ್ಲಿ ಅರ್ಧ ಪಾಸು. ಉಳಿದರ್ಧ, ಶಾಲೆ ಅದನ್ನು ಪರಿಸರ ಕ್ಲಬ್ಬಿನ ಟೀಚರಿಗೆ ವಹಿಸುತ್ತದೋ ಅಕೌಂಟ್ಸ್ ವಿಭಾಗದ ಮೇಜಿಗೆ ತರುತ್ತದೋ ಎಂಬುದರ ಮೇಲೆ ನಿಂತಿದೆ.

ಮೊದಲು ಇದು ಏನೆಂದು ನೋಡೋಣ. ಸಮಗ್ರ ಮಾನವ ಅಭಿವೃದ್ಧಿಯ ಹೊಣೆ ಹೊತ್ತ ವ್ಯಾಟಿಕನ್ ಇಲಾಖೆ 2021ರ ನವೆಂಬರ್ 14ರಂದು, ಆ ವರ್ಷದ ಬಡವರ ವಿಶ್ವ ದಿನದಂದು, ನೋಂದಣಿ ತೆರೆದ ಉಚಿತ ಆನ್‌ಲೈನ್ ಸೇವೆ ಇದು. ಪೋಪ್ ಫ್ರಾನ್ಸಿಸ್ 2015ರ ಮೇ 24ರ ದಿನಾಂಕ ಹಾಕಿ ಹೊರಡಿಸಿದ, ಸೃಷ್ಟಿಯ ಪಾಲನೆ ಕುರಿತ ವಿಶ್ವಪತ್ರದ (ಇಡೀ ಧರ್ಮಸಭೆಗೆ ಪೋಪ್ ಬರೆಯುವ ಬೋಧನಾ ಪತ್ರ) ಹೆಸರನ್ನೇ ಇದಕ್ಕೂ ಇಟ್ಟಿದ್ದಾರೆ. ಕುಟುಂಬ, ಧರ್ಮಕೇಂದ್ರ (ಊರಿನ ಚರ್ಚು) ಮತ್ತು ಧರ್ಮಕ್ಷೇತ್ರ (ಬಿಷಪ್ಪರ ಆಡಳಿತದ ಪ್ರದೇಶ), ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಸಂಘಸಂಸ್ಥೆ, ಉದ್ಯಮ ಮತ್ತು ಕೃಷಿ, ಧಾರ್ಮಿಕ ಸಭೆ (ಸನ್ಯಾಸಿ-ಸನ್ಯಾಸಿನಿಯರ ಸಂಘ) ಎಂದು ಏಳು ವಲಯಗಳಿವೆ. ಶಾಲೆಗಳು ಶಿಕ್ಷಣ ಸಂಸ್ಥೆಗಳ ವಲಯದಲ್ಲಿ ಸೇರುತ್ತವೆ. ಗುರಿಗಳೂ ಏಳು: ಭೂಮಿಯ ಕೂಗಿಗೆ ಓಗೊಡುವುದು, ಬಡವರ ಕೂಗಿಗೆ ಓಗೊಡುವುದು, ಪರಿಸರಕ್ಕೆ ಹೊಂದುವ ಅರ್ಥವ್ಯವಸ್ಥೆ, ಸರಳ ಜೀವನಶೈಲಿ, ಪರಿಸರ ಶಿಕ್ಷಣ, ಪರಿಸರ ಆಧ್ಯಾತ್ಮಿಕತೆ, ಸಮುದಾಯದ ತಾಳಿಕೆ ಮತ್ತು ಸಬಲೀಕರಣ. ಏಳು ವರ್ಷದ ಪಯಣ ಎಂದು ಕರೆಯುತ್ತಾರೆ. ಸಂಖ್ಯೆಯ ಬೈಬಲ್ ಸೊಗಸು ಸರಿ, ಆದರೆ ಮೊದಲ ವರ್ಷವೇ ಏಳನ್ನೂ ಕೈಗೆತ್ತಿಕೊಂಡ ಶಾಲೆ ಎರಡನೆಯ ವರ್ಷ ಒಂದನ್ನೂ ನೆನಪಿಟ್ಟುಕೊಂಡಿರುವುದಿಲ್ಲ. ಮೂರು ಸಾಕು.

ನಡೆಯುವ ಕ್ರಮ ಸರಳ. ಸಂಸ್ಥೆಯ ಹೆಸರಿನಲ್ಲಿ ನೋಂದಣಿ, ತಂಡ ರಚನೆ, ಸ್ವಯಂ ಮೌಲ್ಯಮಾಪನ, ಲಿಖಿತ ಯೋಜನೆ, ಕೆಲಸ, ವರ್ಷದ ಕೊನೆಗೆ ಮರುನೋಟ. ಇದು ಕಾರ್ಡೈನ್ ಎಂಬ ಬೆಲ್ಜಿಯಂ ಪಾದ್ರಿ ಯುವ ಕಾರ್ಮಿಕರಿಗೆ ಕಲಿಸಿದ "ನೋಡು, ತೂಗಿನೋಡು, ಮಾಡು" ಪದ್ಧತಿಯ ಹೊಸ ರೂಪ. 1961ರಲ್ಲಿ 23ನೆಯ ಜಾನ್ ಪೋಪರು ಆ ಮೂರು ಹೆಜ್ಜೆಗಳನ್ನು ತಮ್ಮ ವಿಶ್ವಪತ್ರದಲ್ಲೇ ಎತ್ತಿಹಿಡಿದಿದ್ದರು. ಶಾಲೆಗಳು ಎಡವುವುದು ಮೊದಲ ಹೆಜ್ಜೆಯಲ್ಲೇ. ನೋಡುವುದಕ್ಕೆ ಮೊದಲೇ ಮಾಡಲು ಹೊರಡುತ್ತವೆ. ನೋಂದಣಿಯಾದ ವಾರಕ್ಕೇ ಗಿಡ ನೆಡುವ ಕಾರ್ಯಕ್ರಮ, ಬ್ಯಾನರು, ಫೋಟೋ. ನೋಂದಾಯಿಸಿದ ಮೇಲೆ ಮೊದಲ ಆರು ವಾರ ಏನನ್ನೂ ಆರಂಭಿಸದೆ ಬರೀ ಅಳೆಯುವುದಕ್ಕೆ ಮೀಸಲಿಡುವುದು ಒಳ್ಳೆಯದು.

ತಂಡ ಮತ್ತು ಸ್ವಯಂ ಮೌಲ್ಯಮಾಪನ

ತಂಡದ ಗಾತ್ರ ಎಂಟೊಂಬತ್ತು ಜನ ದಾಟಬಾರದು. ಮುಖ್ಯಸ್ಥರು, ಲೆಕ್ಕಪತ್ರ ನೋಡುವವರು, ಇಬ್ಬರು ಶಿಕ್ಷಕರು, ಸ್ವಚ್ಛತೆ ಅಥವಾ ಅಡುಗೆಮನೆಯಿಂದ ಒಬ್ಬರು, ಪೋಷಕರಿಂದ ಒಬ್ಬರು, ಬೇರೆ ಬೇರೆ ತರಗತಿಯ ಮೂವರು ಮಕ್ಕಳು. ಇದರಲ್ಲಿ ಇಬ್ಬರನ್ನು ಬಿಡುವಂತೆಯೇ ಇಲ್ಲ: ಲೆಕ್ಕದವರು ಮತ್ತು ಸ್ವಚ್ಛತೆಯವರು. ಲೆಕ್ಕದವರಿಲ್ಲದಿದ್ದರೆ ಯೋಜನೆಗೆ ದುಡ್ಡಿರುವುದಿಲ್ಲ. ಸ್ವಚ್ಛತೆಯವರಿಲ್ಲದಿದ್ದರೆ ಯಾವ ನಲ್ಲಿ ಸೋರುತ್ತದೆ, ವಿಂಗಡಿಸಿದ ಕಸ ಸಂಜೆ ಮತ್ತೆ ಒಂದೇ ಚೀಲಕ್ಕೆ ಹೇಗೆ ಸೇರುತ್ತದೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಸಭೆಯನ್ನು ಅವರ ಕೆಲಸದ ವೇಳೆಯೊಳಗೇ ಇಡಬೇಕು. ಸಂಜೆ ಐದಕ್ಕೆ ಸಭೆ ಕರೆದು, ಸಂಬಳವಿಲ್ಲದ ಒಂದು ಗಂಟೆ ಕೂರಿಸಿಕೊಂಡು, ದುಡಿಮೆಯ ಘನತೆಯ ಬಗ್ಗೆ ಅವರ ಅಭಿಪ್ರಾಯ ಕೇಳುವುದು ನಗೆಪಾಟಲಿನ ಸಂಗತಿ. ಮುಖ್ಯಸ್ಥರ ಎದುರು ಅವರು ಬಾಯಿ ಬಿಡುವುದಿಲ್ಲ ಎಂಬುದೂ ನಿಜ. ಆದ್ದರಿಂದ ಸಭೆಗೆ ಮುನ್ನ ತಂಡದ ಒಬ್ಬ ಶಿಕ್ಷಕರು ಅವರೊಂದಿಗೆ ಕಟ್ಟಡವನ್ನು ಒಂದು ಸುತ್ತು ಹಾಕಿ, ಅವರು ತೋರಿಸಿದ್ದನ್ನೆಲ್ಲ ಬರೆದುಕೊಂಡು ಬರಬೇಕು.

ಸ್ವಯಂ ಮೌಲ್ಯಮಾಪನ ವೇದಿಕೆಯ ಅತ್ಯುತ್ತಮ ಭಾಗ. ಅತಿ ದುರ್ಬಲ ಭಾಗವೂ ಅದೇ. ಉತ್ತಮ ಏಕೆಂದರೆ, ಹಸಿರು ಚಟುವಟಿಕೆಯಲ್ಲಿ ಮೈಮರೆಯಬಹುದಾದ ಶಾಲೆಯ ಮುಂದೆ ಬಡವರ ಪ್ರಶ್ನೆಯನ್ನೂ ಹಣದ ಪ್ರಶ್ನೆಯನ್ನೂ ತಂದಿಡುತ್ತದೆ. ಸಮಾಜದ ಬಿಕ್ಕಟ್ಟು ಬೇರೆ, ಪರಿಸರದ ಬಿಕ್ಕಟ್ಟು ಬೇರೆ ಎಂದು ಎರಡಿಲ್ಲ, ಇರುವುದು ಒಂದೇ ಎಂಬ ವಿಶ್ವಪತ್ರದ 139ನೆಯ ಪರಿಚ್ಛೇದದ ನಿಲುವು ಪ್ರಶ್ನೆಗಳ ಜೋಡಣೆಯಲ್ಲೇ ಕಾಣುತ್ತದೆ. ದುರ್ಬಲ ಏಕೆಂದರೆ, ಉತ್ತರ ಬರೆಯುವವರೂ ಅಂಕ ಹಾಕಿಕೊಳ್ಳುವವರೂ ಒಬ್ಬರೇ. "ನಮ್ಮ ಶಾಲೆ ಬಡ ಮಕ್ಕಳಿಗೆ ನೆರವಾಗುತ್ತದೆ" ಎಂದು ಬರೆದರೆ ಯಾರೂ ಬಂದು ತಡೆಯುವುದಿಲ್ಲ.

ಇದಕ್ಕೆ ಮದ್ದು ಶಾಲೆಯೇ ಮಾಡಿಕೊಳ್ಳಬಹುದು. ಪ್ರತಿ ಉತ್ತರದ ಎದುರು ಒಂದು ಕಾಗದದ ಹೆಸರು ಬರೆಯುವ ನಿಯಮ ಇಟ್ಟುಕೊಳ್ಳಿ: ವಿದ್ಯುತ್ ಬಿಲ್ಲು, ಸಂಬಳದ ಪಟ್ಟಿ, ಶುಲ್ಕ ರಿಯಾಯಿತಿಯ ರಿಜಿಸ್ಟರು, ಗುತ್ತಿಗೆಯ ಕರಾರು. ಕಾಗದ ತೋರಿಸಲಾಗದ ಉತ್ತರವನ್ನು "ಇಲ್ಲ" ಎಂದೇ ಗುರುತಿಸಬೇಕು. ಇಷ್ಟು ಮಾಡಿದರೆ ಮೊದಲ ಸಲದ ಅಂಕ ನೆಲಕಚ್ಚುತ್ತದೆ. ಕಚ್ಚಲಿ. ಮುಂದಿನ ವರ್ಷ ಹೋಲಿಸಲು ನಂಬಬಹುದಾದ ಸಂಖ್ಯೆಯಾದರೂ ಸಿಗುತ್ತದೆ.

ಅಳೆಯುವುದು ಹೇಗೆ

ಭೂಮಿಯ ಕೂಗು ಮತ್ತು ಸರಳ ಜೀವನ ಎಂಬ ಎರಡು ಗುರಿಗಳಿಗೆ ಬೇಕಾದ ಅಳತೆಗಳು ಕಷ್ಟದವಲ್ಲ, ತೂಕದ ಯಂತ್ರ ಮತ್ತು ಅಳತೆಯ ಜಗ್ ಇದ್ದರೆ ಸಾಕು. ಸೋರುವ ನಲ್ಲಿಯ ಕೆಳಗೆ ಜಗ್ಗನ್ನು ಹತ್ತು ನಿಮಿಷ ಇಟ್ಟು, ಬಂದ ಮಿಲಿಲೀಟರನ್ನು 144ರಿಂದ ಗುಣಿಸಿದರೆ ಒಂದು ದಿನದ ಲೆಕ್ಕ. ಹತ್ತು ನಿಮಿಷಕ್ಕೆ 150 ಮಿಲಿ ಸೋರಿದರೆ ದಿನಕ್ಕೆ 21.6 ಲೀಟರು. ಅಂಥ ಐದು ನಲ್ಲಿಗಳಿದ್ದರೆ ದಿನಕ್ಕೆ 108 ಲೀಟರು, ರಜೆಯ ದಿನವೂ ಸೇರಿ. ಹೆಚ್ಚಿನ ಸಲ ಇದಕ್ಕೆ ಕಾರಣ ಸವೆದ ರಬ್ಬರ್ ವಾಶರ್. ಇಷ್ಟು ಚಿಕ್ಕ ರಿಪೇರಿ ತಿಂಗಳುಗಟ್ಟಲೆ ನಿಲ್ಲುವುದು ದುಡ್ಡಿಲ್ಲದೆ ಅಲ್ಲ, ದೂರನ್ನು ಯಾರಿಗೆ ಹೇಳಬೇಕೆಂದು ಗೊತ್ತಿಲ್ಲದೆ. ಶೌಚಾಲಯದ ಬಾಗಿಲ ಬಳಿ ಒಂದು ನೋಟ್‌ಬುಕ್ ತೂಗುಹಾಕಿ, ದೂರು ಬರೆದ ದಿನ ಮತ್ತು ಸರಿಯಾದ ದಿನ ಎಂಬ ಎರಡು ಕಾಲಂ ಎಳೆದರೆ ಅರ್ಧ ಕೆಲಸ ಮುಗಿದಂತೆ.

ಊಟದ ವ್ಯರ್ಥಕ್ಕೆ ಮೂರು ಬಕೆಟ್ ಬೇಕು. ಒಂದಕ್ಕೆ ಅಡುಗೆಮನೆಯ ಸಿಪ್ಪೆ-ತೊಟ್ಟು, ಇನ್ನೊಂದಕ್ಕೆ ಬೇಯಿಸಿಯೂ ಬಡಿಸದೆ ಉಳಿದದ್ದು, ಮೂರನೆಯದಕ್ಕೆ ಮಕ್ಕಳ ತಟ್ಟೆಯಲ್ಲಿ ಉಳಿದದ್ದು. ಖಾಲಿ ಬಕೆಟ್ಟಿನ ತೂಕ ಮೊದಲೇ ಬರೆದಿಟ್ಟು, ಐದು ದಿನ ಸತತ ತೂಗಿ, ಉಂಡವರ ಸಂಖ್ಯೆಯಿಂದ ಭಾಗಿಸಬೇಕು. ಮುನ್ನೂರು ಮಕ್ಕಳು ಉಂಡ ದಿನ ತಟ್ಟೆಯ ಬಕೆಟ್ 18 ಕಿಲೋ ತೂಗಿದರೆ ತಲೆಗೆ 60 ಗ್ರಾಂ. ಇದೇ ನಡೆದರೆ 200 ಶಾಲಾ ದಿನಕ್ಕೆ 3,600 ಕಿಲೋ. ಮೂರನ್ನೂ ಬೇರೆ ಬೇರೆ ತೂಗುವುದಕ್ಕೆ ಕಾರಣವಿದೆ. ಎರಡನೆಯ ಬಕೆಟ್ ತುಂಬುತ್ತಿದ್ದರೆ ತಪ್ಪು ಹಾಜರಿಯದ್ದು: ಆ ದಿನ ಎಷ್ಟು ಮಕ್ಕಳು ಬಂದಿದ್ದಾರೆಂಬ ಸುದ್ದಿ ಒಲೆ ಹಚ್ಚುವ ಮೊದಲು ಅಡುಗೆಮನೆಗೆ ತಲುಪುತ್ತಿಲ್ಲ. ಮೂರನೆಯದು ತುಂಬುತ್ತಿದ್ದರೆ ಬಡಿಸುವ ಸೌಟು ದೊಡ್ಡದಿರಬಹುದು, ಊಟದ ವೇಳೆ ತೀರಾ ಕಡಿಮೆ ಇರಬಹುದು ಅಥವಾ ರುಚಿಯೇ ಸರಿಯಿಲ್ಲದಿರಬಹುದು. ಮಕ್ಕಳನ್ನು ಬೈಯುವ ಮೊದಲು ಇವನ್ನು ನೋಡಬೇಕು. ತೂಗುವ ವಾರವನ್ನು ಮೈಕಿನಲ್ಲಿ ಸಾರಿದರೆ ಆ ಐದು ದಿನ ತಟ್ಟೆಗಳು ಬೆಳಗಿಟ್ಟಂತೆ ಹೊಳೆಯುತ್ತವೆ, ಲೆಕ್ಕ ಹಳ್ಳ ಹಿಡಿಯುತ್ತದೆ. ಕೈತೊಳೆದ ನೀರು ಬಕೆಟ್ಟಿಗೆ ಬಿದ್ದರೂ ಅಷ್ಟೇ.

ವಿದ್ಯುತ್ತಿನಲ್ಲಿ 40 ವ್ಯಾಟಿನ ಹಳೆಯ ಟ್ಯೂಬ್ ತೆಗೆದು 20 ವ್ಯಾಟಿನ ಎಲ್‌ಇಡಿ ಹಾಕಿದರೆ, ದಿನಕ್ಕೆ ಎಂಟು ಗಂಟೆ, 200 ದಿನಕ್ಕೆ, ಒಂದಕ್ಕೆ 32 ಯೂನಿಟ್ ಉಳಿತಾಯ. ನೂರಕ್ಕೆ 3,200. ಉಳಿದ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲೇ ಬರೆದಿಡದಿದ್ದರೆ ಅದು ಸಾಮಾನ್ಯ ಖರ್ಚಿನಲ್ಲಿ ಕರಗಿಹೋಗುತ್ತದೆ. ಕೆಲವು ಶಾಲೆಗಳು ಅದನ್ನು ಶುಲ್ಕ ರಿಯಾಯಿತಿಯ ನಿಧಿಗೆ ಹೊಂದಿಸುತ್ತವೆ. ಭೂಮಿಯ ಗುರಿಯೂ ಬಡವರ ಗುರಿಯೂ ಒಂದೇ ಖಾತೆಯಲ್ಲಿ ಕೂಡುವ ಈ ಏರ್ಪಾಡಿಗಿಂತ ಒಳ್ಳೆಯದು ಸಿಗಲಾರದು. ಕಾಗದದ ಲೆಕ್ಕವೂ ಸುಲಭ. 80 ಜಿಎಸ್‌ಎಂನ (ಚದರ ಮೀಟರಿಗೆ 80 ಗ್ರಾಂ ತೂಗುವ) ಎ4 ಹಾಳೆ ಐದು ಗ್ರಾಂ. 800 ಮನೆಗಳಿಗೆ ವಾರಕ್ಕೊಂದು ಹಾಳೆಯ ಸುತ್ತೋಲೆ ಕಳಿಸುವ ಶಾಲೆ 40 ವಾರದಲ್ಲಿ 160 ಕಿಲೋ ಕಾಗದ ಹಂಚಿರುತ್ತದೆ. ಹಾಗೆಂದು ಎಲ್ಲವನ್ನೂ ಮೊಬೈಲಿಗೆ ಹಾಕಿದರೆ, ಸ್ಮಾರ್ಟ್‌ಫೋನ್ ಇಲ್ಲದ ಮನೆ ಮೊದಲು ಹೊರಗುಳಿಯುತ್ತದೆ. ಕಾಗದ ಬೇಕು ಎಂದವರಿಗೆ ಕಾಗದ ಕೊಡುವ ಆಯ್ಕೆ ಇರಲೇಬೇಕು.

ಗಿಡ ನೆಡುವ ಬಗ್ಗೆ ಒಂದೇ ಮಾತು: ವರದಿಯಲ್ಲಿ ನೆಟ್ಟ ಗಿಡಗಳ ಸಂಖ್ಯೆ ಬರೆಯುವುದನ್ನು ನಿಲ್ಲಿಸಿ, ಹನ್ನೆರಡು ತಿಂಗಳ ನಂತರ ಬದುಕಿರುವ ಗಿಡಗಳ ಸಂಖ್ಯೆ ಬರೆಯಲಿ. ದೀರ್ಘ ರಜೆಯಲ್ಲಿ ನೀರು ಹಾಕುವ ಪಾಳಿ ಯಾರದೆಂದು ತೀರ್ಮಾನವಾಗದೆ ಗುಂಡಿ ತೋಡಬಾರದು.

ಬಡವರ ಕೂಗು ಶಾಲೆಯ ಒಳಗಿನಿಂದಲೇ ಬಂದರೆ

ಈ ಗುರಿಯನ್ನು ಶಾಲೆಗಳು ಹೆಚ್ಚಾಗಿ ಹೊರಗೆ ಹುಡುಕುತ್ತವೆ. ವೃದ್ಧಾಶ್ರಮಕ್ಕೆ ಭೇಟಿ, ಅನಾಥಾಲಯಕ್ಕೆ ಬಟ್ಟೆ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದಲ್ಲಿ ಹುಂಡಿ. ಇವು ಕೆಟ್ಟವಲ್ಲ. ಆದರೆ 1965ರ ಅಕ್ಟೋಬರ್ 28ರಂದು ಲೋಕದ ಕಥೋಲಿಕ ಬಿಷಪ್ಪರೆಲ್ಲ ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆ, ಈ ಲೋಕದ ಸಂಪತ್ತಿನಲ್ಲಿ ಬಡವರಾದವರ ಅಗತ್ಯಗಳನ್ನು ಕಥೋಲಿಕ ಶಾಲೆ ವಿಶೇಷವಾಗಿ ನೋಡಿಕೊಳ್ಳಬೇಕು ಎಂದಿತ್ತು. ಆ ಬಡವರು ಬಹುಪಾಲು ಮೂರನೆಯ ಬೆಂಚಿನಲ್ಲೇ ಕೂತಿರುತ್ತಾರೆ. ವೇದಿಕೆಯ ಮಾರ್ಗದರ್ಶಿ ಈ ವಿಷಯಕ್ಕೆ ಬಾಗಿಲು ತೆರೆಯುತ್ತದೆಯೇ ಹೊರತು ಒಳಗೆ ಕರೆದುಕೊಂಡು ಹೋಗುವುದಿಲ್ಲ. ಅಲ್ಲಿಂದ ಮುಂದಿನದನ್ನು ಶಾಲೆಯೇ ತುಂಬಿಕೊಳ್ಳಬೇಕು.

ಆರಂಭಿಸಲು ಒಂದು ಪಟ್ಟಿ ಸಾಕು. ಒಂದೊಂದು ತರಗತಿಗೂ ವರ್ಷವಿಡೀ ಶಾಲೆ ಮನೆಯಿಂದ ಕೇಳುವ ಪ್ರತಿಯೊಂದು ಹಣವನ್ನೂ ಬರೆಯಿರಿ: ಶುಲ್ಕ ಬಿಟ್ಟು ಪ್ರವಾಸ, ಪ್ರಾಜೆಕ್ಟಿನ ಥರ್ಮಾಕೋಲು, ವಾರ್ಷಿಕೋತ್ಸವದ ವೇಷ, ಗುಂಪು ಫೋಟೋ, ಕ್ರೀಡೆಯ ಬೇರೆ ಸಮವಸ್ತ್ರ, ಬಣ್ಣದ ದಿನದ ಬಟ್ಟೆ, ಹುಟ್ಟುಹಬ್ಬದ ಚಾಕೊಲೇಟು, ಹುಂಡಿಗೆ ಹಾಕುವ ಕಾಣಿಕೆ. ಯಾವ ತಿಂಗಳಲ್ಲಿ ಎಂಬುದನ್ನೂ ಬರೆಯಿರಿ. ಒಬ್ಬೊಬ್ಬ ಶಿಕ್ಷಕರಿಗೆ ತಾವು ಕೇಳಿದ್ದು ಮಾತ್ರ ಗೊತ್ತಿರುತ್ತದೆ, ಎಲ್ಲರೂ ಕೇಳಿದ್ದರ ಮೊತ್ತ ಗೊತ್ತಿರುವುದು ತಾಯಿಗೆ ಮಾತ್ರ. ಇಬ್ಬರು ಮಕ್ಕಳಿರುವ ಮನೆಗೆ ಮೂರು ಬೇಡಿಕೆಗಳು ಒಂದೇ ವಾರ ಬೀಳುವುದು ಈ ಪಟ್ಟಿಯಲ್ಲಿ ಕಣ್ಣಿಗೆ ಹೊಡೆಯುತ್ತದೆ. ಅರ್ಧಕ್ಕರ್ಧ ಬೇಡಿಕೆಗಳನ್ನು ಕೈಬಿಡಬಹುದು, ಉಳಿದದ್ದನ್ನು ವರ್ಷದ ಆರಂಭದಲ್ಲೇ ಒಂದು ಹಾಳೆಯಲ್ಲಿ ತಿಳಿಸಬಹುದು.

ರಿಯಾಯಿತಿ ಕೊಡುವ ರೀತಿಯಲ್ಲೇ ಘನತೆ ಉಳಿಯುವುದು ಅಥವಾ ಹೋಗುವುದು. ಬಾಕಿ ಇರುವವರ ಹೆಸರನ್ನು ತರಗತಿಯಲ್ಲಿ ಓದುವುದು, ಪರೀಕ್ಷೆಯ ಪ್ರವೇಶ ಪತ್ರ ತಡೆಹಿಡಿಯುವುದು, ರಿಯಾಯಿತಿ ಪಡೆದ ಮಗುವನ್ನು ದಾನಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆಯುವುದು ಎಷ್ಟು ಹಳೆಯ ಅಭ್ಯಾಸವಾದರೂ ಸಾಮಾಜಿಕ ಬೋಧನೆಯ ಮೊದಲ ತತ್ವವಾದ ಮಾನವ ಘನತೆಗೇ ವಿರುದ್ಧ. ಅರ್ಜಿ ಒಂದು ಪುಟ ಮೀರಬಾರದು. ನಿರ್ಧಾರ ಮಾಡುವವರು ಇಬ್ಬರು, ಹದಿನೈದು ದಿನದೊಳಗೆ ಉತ್ತರ, ಮತ್ತು ಅದು ಮಗುವಿನ ಚೀಲದಲ್ಲಿ ಬಾರದೆ ನೇರ ಪೋಷಕರಿಗೆ. ತರಗತಿ ಶಿಕ್ಷಕರಿಗೆ ಯಾರಿಗೆ ರಿಯಾಯಿತಿ ಸಿಕ್ಕಿದೆ ಎಂಬುದು ತಿಳಿಯಬೇಕಾದ ಅಗತ್ಯವೇ ಇಲ್ಲ.

ಕಾಣಿಕೆ ಸಂಗ್ರಹದಲ್ಲಿ ತರಗತಿ-ತರಗತಿಗೆ ಪೈಪೋಟಿ ಹಚ್ಚಿದರೆ ಹಣ ಹೆಚ್ಚು ಬರುತ್ತದೆ, ನಿಜ. ಹಾಕಲಾರದ ಮಗು ತನ್ನ ತರಗತಿಯನ್ನು ಸೋಲಿಸಿದ ತಪ್ಪನ್ನೂ ಹೊರುತ್ತದೆ. ವಸ್ತು ಸಂಗ್ರಹವಾದರೆ ಮೊದಲು ಪಡೆಯುವವರನ್ನೇ ಕೇಳಿ, ಬೇಕಾದ ಐದು ವಸ್ತುಗಳ ಪಟ್ಟಿ ಮಾಡಿ, ಅವನ್ನಷ್ಟೇ ತೆಗೆದುಕೊಳ್ಳಬೇಕು. ಕೇಳದೆ ಸಂಗ್ರಹಿಸಿದರೆ ಅವಧಿ ಮುಗಿದ ಡಬ್ಬಿಗಳು, ಗುಂಡಿ ಕಿತ್ತ ಅಂಗಿಗಳು ಬಂದು ಬೀಳುತ್ತವೆ, ಅವನ್ನು ವಿಂಗಡಿಸುವ ಕೆಲಸ ಪಡೆಯುವವರ ತಲೆಗೆ. ಜೊತೆಗೆ "ಇದು ಅವರಿಗೆ ಏಕಿಲ್ಲ?" ಎಂಬ ಪ್ರಶ್ನೆಯನ್ನು ಯಾವುದಾದರೂ ಒಂದು ಪಾಠದ ಅವಧಿಯಲ್ಲಿ ಎತ್ತದೆ ಹೋದರೆ, ಮಕ್ಕಳು ಕಲಿಯುವುದು ದಯೆಯನ್ನು ಮಾತ್ರ. ನ್ಯಾಯದ ಪಾಠ ಅಲ್ಲಿಯವರೆಗೆ ಪುಸ್ತಕದ ಬದನೆಕಾಯಿ.

ಖರೀದಿ, ಗುತ್ತಿಗೆ, ಠೇವಣಿ

ಪರಿಸರಕ್ಕೆ ಹೊಂದುವ ಅರ್ಥವ್ಯವಸ್ಥೆ ಎಂಬ ಮೂರನೆಯ ಗುರಿಯನ್ನು ಬಹುತೇಕ ಶಾಲೆಗಳು ಖಾಲಿ ಬಿಡುತ್ತವೆ. ವೇದಿಕೆಯ ನಿಜವಾದ ಬೆಲೆ ಇರುವುದೂ ಇಲ್ಲೇ. ನ್ಯಾಯಯುತ ವ್ಯಾಪಾರ, ಜವಾಬ್ದಾರಿಯ ಖರೀದಿ, ನೈತಿಕ ಹೂಡಿಕೆ, ಪಳೆಯುಳಿಕೆ ಇಂಧನದಿಂದ ಹಣ ಹಿಂತೆಗೆಯುವುದು, ಎಲ್ಲ ಈ ಗುರಿಯೊಳಗೆ ಬರುತ್ತವೆ. ಕೊಳ್ಳುವುದು ಬರೀ ಆರ್ಥಿಕ ಕ್ರಿಯೆಯಲ್ಲ, ಯಾವಾಗಲೂ ನೈತಿಕ ಕ್ರಿಯೆ ಎಂದು 16ನೆಯ ಬೆನೆಡಿಕ್ಟರು ಹೇಳಿದ್ದನ್ನು ಫ್ರಾನ್ಸಿಸ್ ತಮ್ಮ ವಿಶ್ವಪತ್ರದ 206ನೆಯ ಪರಿಚ್ಛೇದದಲ್ಲಿ ಮತ್ತೆ ಹೇಳಿದ್ದಾರೆ. ಶಾಲೆಯಲ್ಲಿ ಅದಕ್ಕೆ ರೂಪ ಕೊಡುವುದು ಟೆಂಡರಿನ ಷರತ್ತು.

ಸ್ವಚ್ಛತೆ, ಕಾವಲು, ವಾಹನ, ಕ್ಯಾಂಟೀನು ಹೊರಗುತ್ತಿಗೆಯಲ್ಲಿದ್ದರೆ ಕರಾರು ನವೀಕರಿಸುವ ಹೊತ್ತಿಗೆ ಕೇಳಬೇಕಾದ ಕಾಗದಗಳು ಇವು: ಪ್ರತಿ ಕೆಲಸಗಾರರ ಸಂಬಳದ ಚೀಟಿ, ವಾರದ ರಜೆಯ ಪಾಳಿಪಟ್ಟಿ, ಕೈಗವಸು-ಬೂಟು ಕೊಟ್ಟ ದಾಖಲೆ, ಸಂಬಳದಿಂದ ಕಡಿತ ಮಾಡಿದ್ದಕ್ಕೆ ಕಾರಣ. ದರಪಟ್ಟಿಯಲ್ಲಿ ಅತಿ ಕಡಿಮೆ ಬರೆದವರಿಗೇ ಕೆಲಸ ಕೊಡುವ ಪದ್ಧತಿ ಇರುವವರೆಗೂ ಈ ಕಾಗದಗಳು ಸುಳ್ಳಾಗಿ ಬರುತ್ತವೆ. ಏಕೆಂದರೆ ಸ್ವಚ್ಛತೆಯ ಗುತ್ತಿಗೆಯಲ್ಲಿ ಖರ್ಚಿನ ದೊಡ್ಡ ಪಾಲು ಕೂಲಿಯೇ, ದರ ಇಳಿಸಿದರೆ ಅದು ಇಳಿಯುವುದು ಕೂಲಿಯಿಂದಲೇ. ಆದ್ದರಿಂದ ಎಷ್ಟು ಜನ, ಎಷ್ಟು ಗಂಟೆ, ಅದಕ್ಕೆ ನ್ಯಾಯವಾದ ಕೂಲಿ ಎಷ್ಟು ಎಂಬುದನ್ನು ಶಾಲೆಯೇ ಮೊದಲು ಲೆಕ್ಕ ಹಾಕಿ, ಅದಕ್ಕಿಂತ ಕಡಿಮೆಯ ದರವನ್ನು ಪರಿಗಣಿಸುವುದಿಲ್ಲ ಎಂದು ಟೆಂಡರಿನಲ್ಲೇ ಬರೆಯುವುದು ಸರಿಯಾದ ಕ್ರಮ. 1891ರ ಮೇ 15ರಂದು 13ನೆಯ ಲಿಯೋ ಪೋಪರು ಸಾಮಾಜಿಕ ಬೋಧನೆಯ ಮೊದಲ ವಿಶ್ವಪತ್ರದಲ್ಲಿ ಹೇಳಿದ್ದು ಇದನ್ನೇ: ಕಾರ್ಮಿಕ ಒಪ್ಪಿಕೊಂಡ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಅದು ಅವನ ಬದುಕಿಗೆ ಸಾಲಬೇಕು.

ಇನ್ನೊಂದು ಸಂಗತಿ ಯಾರ ಗಮನಕ್ಕೂ ಬರುವುದಿಲ್ಲ. ಗುತ್ತಿಗೆದಾರನ ಬಿಲ್ಲನ್ನು ಶಾಲೆ ಅರವತ್ತು ದಿನ ಕೂರಿಸಿಕೊಂಡರೆ, ಕೈಯಲ್ಲಿ ಬಂಡವಾಳವಿಲ್ಲದ ಸಣ್ಣ ಗುತ್ತಿಗೆದಾರ ಕೆಲಸಗಾರರ ಸಂಬಳವನ್ನೂ ಕೂರಿಸುತ್ತಾನೆ. ತಪ್ಪು ಅವನದೆಂದು ಎಲ್ಲರೂ ಬೈಯುತ್ತಾರೆ. ಬಿಲ್ಲು ಬಂದ ದಿನದ ಮೊಹರು, ಪಾವತಿಯಾದ ದಿನ, ನಡುವಿನ ಅಂತರ ಎಂಬ ಮೂರು ಕಾಲಂ ಅಕೌಂಟ್ಸ್ ವಿಭಾಗದಲ್ಲಿ ಇದ್ದರೆ, ಮಾನವ ಘನತೆಯ ಬಗ್ಗೆ ಶಾಲೆ ಎಲ್ಲಿದೆ ಎಂಬುದು ಒಂದೇ ಪುಟದಲ್ಲಿ ಕಾಣುತ್ತದೆ. ಮೂವತ್ತು ದಿನದ ಮಿತಿ ಹಾಕಿಕೊಂಡು, ಅದನ್ನು ಮೀರಿದ ಬಿಲ್ಲುಗಳ ಸಂಖ್ಯೆಯನ್ನು ವಾರ್ಷಿಕ ಯೋಜನೆಯ ಅಂಕಿಯಾಗಿಸಿದರೆ ಅದಕ್ಕಿಂತ ಗಟ್ಟಿಯಾದ ಗುರಿ ಇನ್ನೊಂದಿಲ್ಲ. ಒಂದು ಪೈಸೆಯೂ ಹೆಚ್ಚು ಖರ್ಚಿಲ್ಲ.

ಶಾಲೆಯ ಠೇವಣಿ ಯಾವ ನಿಧಿಯಲ್ಲಿದೆ ಎಂಬ ಪ್ರಶ್ನೆ ಹೆಚ್ಚಾಗಿ ಶಾಲೆಯ ಕೈಮೀರಿದ್ದು, ಧಾರ್ಮಿಕ ಸಭೆಯ ಅಥವಾ ಧರ್ಮಕ್ಷೇತ್ರದ ಹಣಕಾಸು ಸಮಿತಿಯದು. ಪ್ರಶ್ನೆಯನ್ನು ಲಿಖಿತವಾಗಿ ಮೇಲಕ್ಕೆ ಕಳಿಸಿ, ಉತ್ತರವನ್ನು ಕಡತದಲ್ಲಿಟ್ಟರೆ ಶಾಲೆಯ ಪಾಲಿನ ಕೆಲಸ ಆಯಿತು.

ಮಕ್ಕಳ ಮಂಡಳಿ, ಪಾಠ, ಪ್ರಾರ್ಥನೆ

ಕೆಳಗಿನ ಹಂತದವರು ತಾವೇ ಮಾಡಬಲ್ಲದ್ದನ್ನು ಮೇಲಿನವರು ಕಸಿದುಕೊಳ್ಳಬಾರದು ಎಂಬ ಸಬ್ಸಿಡಿಯಾರಿಟಿ ತತ್ವವನ್ನು 1931ರಲ್ಲಿ 11ನೆಯ ಪಯಸ್ ಪೋಪರು ಸ್ಪಷ್ಟವಾಗಿ ನಿರೂಪಿಸಿದರು. ಶಾಲೆಯಲ್ಲಿ ಇದರ ಪರೀಕ್ಷೆ ಮಕ್ಕಳ ಮಂಡಳಿ. ಸಮುದಾಯದ ಸಬಲೀಕರಣ ಎಂಬ ಏಳನೆಯ ಗುರಿಯಲ್ಲಿ ವೇದಿಕೆ ಭಾಗವಹಿಸುವಿಕೆಗೆ ಒತ್ತು ಕೊಡುತ್ತದೆ, ಆದರೆ ಮಂಡಳಿಯ ಕೈಗೆ ಏನು ಕೊಡಬೇಕೆಂದು ಹೇಳುವುದಿಲ್ಲ. ವಾರ್ಷಿಕೋತ್ಸವದ ಬಣ್ಣ ಆಯ್ಕೆ ಮಾಡಲಷ್ಟೇ ಇರುವ ಮಂಡಳಿಯನ್ನು ಮಕ್ಕಳೇ ಒಂದು ವರ್ಷದಲ್ಲಿ ಮರೆಯುತ್ತಾರೆ. ವಿಷಯಗಳನ್ನು ಮೂರಾಗಿ ಹಂಚಿ ಬರೆದುಕೊಡಬೇಕು: ಮಕ್ಕಳೇ ತೀರ್ಮಾನಿಸುವಂಥವು, ಶಿಕ್ಷಕರೊಡನೆ ಸೇರಿ ತೀರ್ಮಾನಿಸುವಂಥವು, ಅಭಿಪ್ರಾಯ ಕೇಳಿ ಆಡಳಿತ ತೀರ್ಮಾನಿಸುವಂಥವು. ಮೊದಲನೆಯದಕ್ಕೆ ಚಿಕ್ಕದಾದರೂ ಸ್ವಂತ ಬಜೆಟ್ ಇರಲಿ. ಆಡಳಿತ ಒಪ್ಪದಿದ್ದರೆ ಹತ್ತು ದಿನದೊಳಗೆ ಕಾರಣವನ್ನು ಬರೆದು ತಿಳಿಸಲಿ. ಆಟದ ಮೈದಾನವನ್ನು ಯಾವ ತರಗತಿ ಯಾವಾಗ ಬಳಸಬೇಕೆಂಬ ಜಗಳ ಮಕ್ಕಳ ಕೈಗೆ ಬಿಟ್ಟರೆ ಚೆನ್ನಾಗಿ ಬಗೆಹರಿಯುತ್ತದೆ, ಚಿಕ್ಕ ತರಗತಿಗಳಿಗೂ ಮಂಡಳಿಯಲ್ಲಿ ಮತವಿದ್ದರೆ.

ಪರಿಸರ ಶಿಕ್ಷಣದ ಗುರಿಯನ್ನು ಮೌಲ್ಯ ಶಿಕ್ಷಣದ ಅವಧಿಗೆ ತಳ್ಳುವುದು ಸಾಮಾನ್ಯ ತಪ್ಪು. ಬಕೆಟ್ಟುಗಳ ತೂಕ ಗಣಿತಕ್ಕೆ ಹೋಗಲಿ, ಸೋರುವ ನಲ್ಲಿಯ ಪತ್ರ ಭಾಷಾ ಪಾಠಕ್ಕೆ, ಕಾಂಪೋಸ್ಟ್ ವಿಜ್ಞಾನಕ್ಕೆ. ಕಾಂಪೋಸ್ಟ್ ಗುಂಡಿ ನಾರುತ್ತಿದ್ದರೆ ಒಳಗೆ ಗಾಳಿಯಿಲ್ಲ, ತೇವ ಹೆಚ್ಚು. ಒಂದು ಪಾಲು ಅಡುಗೆಮನೆಯ ಕಸಕ್ಕೆ ಎರಡು-ಮೂರು ಪಾಲು ಒಣ ಎಲೆ ಸೇರಿಸಿ ಮಗುಚಬೇಕು. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬರುವಷ್ಟು ತೇವ ಸರಿ.

ಆಧ್ಯಾತ್ಮಿಕತೆಯ ಗುರಿಯಲ್ಲಿ ಒಂದು ಎಚ್ಚರ. ಕಥೋಲಿಕ ಶಾಲೆಗಳಲ್ಲಿ ಬೇರೆ ಧರ್ಮದ ಮಕ್ಕಳು, ಶಿಕ್ಷಕರು ಇದ್ದೇ ಇರುತ್ತಾರೆ. ವಿಶ್ವಪತ್ರ ತನ್ನ ಮೂರನೆಯ ಪರಿಚ್ಛೇದದಲ್ಲೇ ಈ ಭೂಮಿಯ ಮೇಲೆ ಬದುಕುವ ಪ್ರತಿಯೊಬ್ಬರನ್ನೂ ಉದ್ದೇಶಿಸಿ ಮಾತಾಡುವುದಾಗಿ ಹೇಳಿಕೊಂಡಿದೆ. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ಸೃಷ್ಟಿಯ ಋತುವಿನಲ್ಲಿ (ಸೃಷ್ಟಿಗಾಗಿ ಕ್ರೈಸ್ತರು ಪ್ರಾರ್ಥಿಸುವ ದಿನಗಳು) ಮರದ ಕೆಳಗೆ ಐದು ನಿಮಿಷ ಮೌನವಾಗಿ ಕೂರುವುದು ಎಲ್ಲರಿಗೂ ಸಾಧ್ಯ. ಬಲಿಪೂಜೆ (ಚರ್ಚಿನ ಮಾಸ್) ಬೇಕಾದವರಿಗೆ ಬಲಿಪೂಜೆ ಇರಲಿ, ಹಾಜರಿ ಹಾಕುವುದು ಬೇಡ.

ಇಕೋ-ಸ್ಕೂಲ್ಸ್ ಜೊತೆ ಇಟ್ಟು ನೋಡಿದರೆ

ಶಾಲೆಗಳಿಗಾಗಿಯೇ 1994ರಲ್ಲಿ ಶುರುವಾದ ಅಂತರರಾಷ್ಟ್ರೀಯ ಪರಿಸರ ಕಾರ್ಯಕ್ರಮ ಇಕೋ-ಸ್ಕೂಲ್ಸ್‌ಗೂ ಏಳು ಹೆಜ್ಜೆಗಳಿವೆ: ಸಮಿತಿ, ಪರಿಸರ ಪರಿಶೀಲನೆ, ಕ್ರಿಯಾ ಯೋಜನೆ, ಉಸ್ತುವಾರಿ, ಪಠ್ಯದೊಡನೆ ಜೋಡಣೆ, ಎಲ್ಲರನ್ನೂ ಒಳಗೊಳ್ಳುವುದು, ಶಾಲೆಯ ಪರಿಸರ ಸಂಹಿತೆ. ಅಲ್ಲಿ ಹಸಿರು ಬಾವುಟ ಪಡೆಯಲು ಹೊರಗಿನವರ ಮೌಲ್ಯಮಾಪನ ದಾಟಬೇಕು. ಅದರಿಂದಾಗಿ ದಾಖಲೆಗಳಿಗೆ ಒಂದು ಶಿಸ್ತು ಬರುತ್ತದೆ. ಲೌದಾತೊ ಸಿ ವೇದಿಕೆಯ ಪ್ರಮಾಣಪತ್ರಕ್ಕೆ ಅಂಥ ಬಿಗಿ ಇಲ್ಲ, ಅದನ್ನು ಸಾಧನೆಯ ಸಾಕ್ಷಿ ಎನ್ನುವುದಕ್ಕಿಂತ ಪಾಲ್ಗೊಂಡದ್ದರ ಗುರುತು ಎಂದು ನೋಡುವುದು ಪ್ರಾಮಾಣಿಕ. ಆದರೆ ಇಕೋ-ಸ್ಕೂಲ್ಸ್‌ನ ಕೇಂದ್ರ ಪರಿಸರ. ಕಾವಲುಗಾರನ ಸಂಬಳ, ಶುಲ್ಕದ ಬಾಕಿ, ಠೇವಣಿಯ ವಿಷಯಗಳು ಅದರ ಮುಖ್ಯ ದಾರಿಯಲ್ಲಿ ಬರುವುದಿಲ್ಲ. ಎರಡನ್ನೂ ಒಟ್ಟಿಗೆ ನಡೆಸಬಹುದು: ನೀರು, ವಿದ್ಯುತ್ತು, ಕಸದ ಅಳತೆಗೆ ಇಕೋ-ಸ್ಕೂಲ್ಸ್‌ನ ಪರಿಶೀಲನೆ, ಉಳಿದದ್ದಕ್ಕೆ ಈ ವೇದಿಕೆ. ಸಮಿತಿ ಮಾತ್ರ ಒಂದೇ ಇರಲಿ. ಒಂದೇ ಕೆಲಸಕ್ಕೆ ಎರಡು ಸಮಿತಿ ಮಾಡಿದರೆ ಅದೇ ಇಬ್ಬರು ಟೀಚರುಗಳು ಎರಡರಲ್ಲೂ ಕೂತು ದಣಿಯುತ್ತಾರೆ.

ಹೊರಗಿನ ಕಣ್ಣು ಬೇಕೆನ್ನುವ ಶಾಲೆಗೆ ಇನ್ನೊಂದು ದಾರಿ, ಪಕ್ಕದ ಶಾಲೆಯೊಡನೆ ಅದಲು-ಬದಲು ಭೇಟಿ. ಅವರ ತಂಡ ಒಂದು ದಿನ ಇಲ್ಲಿಗೆ ಬಂದು, ಹತ್ತು ಉತ್ತರಗಳನ್ನು ಆರಿಸಿ, ಪ್ರತಿಯೊಂದಕ್ಕೂ ಕಾಗದ ಕೇಳಬೇಕು. ಮರುತಿಂಗಳು ಇವರು ಅಲ್ಲಿಗೆ. ಮಕ್ಕಳು ಈ ಕೆಲಸವನ್ನು ದೊಡ್ಡವರಿಗಿಂತ ನಿಷ್ಠುರವಾಗಿ ಮಾಡುತ್ತಾರೆ.

ಯಾರಿಗೆ ಬೇಡ ಎಂದೂ ಹೇಳಬೇಕು. ಸಂಬಳ ಬಾಕಿ ಉಳಿಸಿಕೊಂಡ ಶಾಲೆ ಅದನ್ನು ತೀರಿಸಿದ ಮೇಲೆ ನೋಂದಾಯಿಸಲಿ. ಮಕ್ಕಳ ಸುರಕ್ಷತೆಯ ನೀತಿ, ದೂರು ಕೊಡುವ ದಾರಿ ಇನ್ನೂ ಸರಿಯಾಗಿರದ ಶಾಲೆಗೆ ಅದೇ ಮೊದಲ ಕೆಲಸ. ಅದನ್ನು ಈ ವೇದಿಕೆ ಮಾಡಿಕೊಡುವುದಿಲ್ಲ. ಒಬ್ಬರೇ ಉತ್ಸಾಹಿ ಶಿಕ್ಷಕರಿದ್ದು ಮುಖ್ಯಸ್ಥರಿಗೆ ಆಸಕ್ತಿಯಿಲ್ಲದ ಕಡೆ, ಶಾಲೆಯ ಹೆಸರಿನಲ್ಲಿ ಅವಸರದಿಂದ ನೋಂದಾಯಿಸುವುದಕ್ಕಿಂತ ಆ ಶಿಕ್ಷಕರು ಬಕೆಟ್ ತೂಗುವ ಒಂದು ಕೆಲಸ ಮಾಡಿ ಅಂಕಿಗಳನ್ನು ಆಡಳಿತದ ಮುಂದಿಡುವುದು ಮೇಲು.

ಕೊನೆಯದಾಗಿ ಒಂದು ಕಚೇರಿ ಕೆಲಸ. ಧಾರ್ಮಿಕ ಸಭೆಗಳ ಶಾಲೆಗಳಲ್ಲಿ ಮುಖ್ಯಸ್ಥರಾದ ಫಾದರ್ ಅಥವಾ ಸಿಸ್ಟರ್ ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತಾರೆ. ನೋಂದಣಿ ಅವರ ಸ್ವಂತ ಇಮೇಲಿನಲ್ಲಿದ್ದರೆ ಏಳು ವರ್ಷದ ಪಯಣ ಅವರ ಪೆಟ್ಟಿಗೆಯ ಜೊತೆ ಬೇರೆ ಊರಿಗೆ ಹೋಗುತ್ತದೆ. ಶಾಲೆಯ ಕಚೇರಿಯ ಇಮೇಲಿನಲ್ಲೇ ನೋಂದಾಯಿಸಿ, ಪಾಸ್‌ವರ್ಡನ್ನು ಇಬ್ಬರ ಬಳಿ ಇಡಿ. ಯೋಜನೆಯ ಮುದ್ರಿತ ಪ್ರತಿ, ಸ್ವಯಂ ಮೌಲ್ಯಮಾಪನ, ಅದರ ಕಾಗದಗಳು ಒಂದೇ ಫೈಲಿನಲ್ಲಿರಲಿ, ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಬೀಗದ ಕೈ, ಚೆಕ್‌ಬುಕ್ಕಿನ ಸಾಲಿನಲ್ಲೇ ಆ ಫೈಲಿನ ಹೆಸರೂ ಸೇರಿರಲಿ.